ಮೇಲಿನ ಗೇಟು

ಮೇವಿನ ಬಿಲ್ಲಿನ ಬೆನ್ನ ಮೇಲೆ
ಎಮ್ರಿಸ್ ಮುದುಕ ಗೀಚಿಕೊಟ್ಟ ದಾರಿ:
ಹೊಳೆ ಎಡಕ್ಕಿರಲಿ. ಬಿದ್ದ ಆಶ್ ಮರದ ಹತ್ತಿರ ಬಲಕ್ಕೆ.
"ಬಿದ್ದದ್ದು ಎಪ್ಪತ್ತಾರರಲ್ಲಿ. ಈಗ ಬೊಡ್ಡೆಯೂ ಇಲ್ಲ.
ಆದರೂ ಅಲ್ಲೇ ಬಲಕ್ಕೆ."

ನೆರಿಸ್ ಓಡಿದಳು.
ಓಕ್ ತೋಪಿನಲ್ಲಿ ನೆಲ ಮೆತ್ತಗೆ,
ಏರು ಬಂದದ್ದೇ ತೊಡೆ ಕಲ್ಲು.
ಇಲ್ಲದ ಮರ ಕಾಲಿಗೆ ಹೇಗೋ ಗೊತ್ತಾಯಿತು:
ಯಾವುದನ್ನೋ ಬಳಸಿ ಹೋಗುವಂತೆ
ಕಾಲುದಾರಿ ಅಲ್ಲಿ, ಬಯಲಲ್ಲೇ,
ಸೊಂಟ ಬಳುಕಿಸಿತ್ತು.

ನೆತ್ತಿಯಿಂದ ಕಂಡ ಟೇವಿ ಹೊಳೆ
ಕುರಿಗಳ ನಡುವೆ ಯಾರೋ ಮರೆತುಹೋದ ಹಗ್ಗ.

"ಐವತ್ತೆರಡು ನಿಮಿಷ!" ಎಂದಳು
ಮಂಡಿವರೆಗೆ ಕೆಸರು, ಅವನ ಬಾಗಿಲಲ್ಲಿ ನಿಂತು.
ಮುದುಕ ಹೊದಿಕೆ ಸರಿಮಾಡಿಕೊಂಡ.
"ಮೇಲಿನ ಗೇಟು ಹಾಕಿ ಬಂದೆ ತಾನೆ?"

ಅವಳು ಒಮ್ಮೆ ಗುಡ್ಡ ನೋಡಿ
ಬಗ್ಗಿ ಲೇಸು ಬಿಗಿದಳು.