ಮೇಲಿನ ಮನೆಯ ಬಸ್ಕಿ

ಬೆಳಿಗ್ಗೆ ಏಳೂಕಾಲಕ್ಕೆ ನನ್ನ ಸೂರು ಕೆಮ್ಮುತ್ತದೆ.
ಧಪ್.
ಒಂದುಸಿರು ಬಿಟ್ಟು ಇನ್ನೊಂದು ಧಪ್.
ಮೇಜಿನ ಮೇಲೆ ಒಣಗಲಿಟ್ಟ ಊರವರ ಹಲ್ಲುಗಳು
ಒಂದಕ್ಕೊಂದು ತಾಗಿ ಕಟಕಟ ಮಾತಿಗಿಳಿಯುತ್ತವೆ.
ನಾನು ಕಟ್ಟುಹಲ್ಲು ಮಾಡುವವನು,
ಅಡುಗೆಮನೆಯೇ ಅಂಗಡಿ,
ಟಿಬಿಲಿಸಿಯ ಈ ತುದಿಯಲ್ಲಿ, ಎಂಟನೇ ಮಹಡಿಯಲ್ಲಿ.

ಒಂಬತ್ತರಲ್ಲಿ ಝುಝುನಾ.
ಮೆಟ್ರೋ ನಿಲ್ದಾಣದ ಪಾತಾಳದಲ್ಲಿ
ಎಸ್ಕಲೇಟರಿನ ಬುಡದ ಗಾಜಿನ ಗೂಡೊಳಗೆ
ಇಪ್ಪತ್ತೊಂಬತ್ತು ವರ್ಷ ಕೂತು
ಜನ ಏರುವುದನ್ನೂ ಇಳಿಯುವುದನ್ನೂ ಕಾದವಳು.
ತೊಡೆಯ ಮೇಲೆ ಪುಸ್ತಕ, ಅದರ ಮೇಲೆ ಶಾಲು,
ಸಾಹೇಬರು ಬಂದರೆ ಶಾಲಷ್ಟೇ ಕಾಣಬೇಕು.
ಈಗ ಪಿಂಚಣಿ.
ಈಗ ಬಸ್ಕಿ.

ಡಂಬೆಲ್ಲಿಗೆ ಯಾರು ದುಡ್ಡು ಸುರಿಯುತ್ತಾರೆ?
ಗಂಡ ಬಿಟ್ಟುಹೋದ ವಿಶ್ವಕೋಶವಿದೆ, ಹನ್ನೊಂದು ಸಂಪುಟ,
ಬಲಗೈಗೊಂದು, ಎಡಗೈಗೊಂದು.
ದೇಶ ಸುತ್ತು, ಇಲ್ಲವೇ ಕೋಶ ಓದು ಎನ್ನುತ್ತಾರೆ;
ಇವಳು ಕೋಶ ಎತ್ತಿಕೊಂಡು
ಮಂಚಕ್ಕೂ ಕಿಟಕಿಗೂ ನಡುವೆ ಸುತ್ತುತ್ತಾಳೆ.

ಹತ್ತು, ಹನ್ನೊಂದು, ಹನ್ನೆರಡು,
ಆಮೇಲೆ ಏನೂ ಇಲ್ಲ.
ದಣಿದಳು ಅಂದುಕೊಳ್ಳುತ್ತಿದ್ದೆ ಮೊದಮೊದಲು.
ಅಲ್ಲ, ಎತ್ತಿದ್ದು ಕೈಯಲ್ಲೇ ತೆರೆದುಕೊಂಡಿರುತ್ತದೆ.
ಚಿಕ್ಕ ಮೌನವಾದರೆ ಯಾವುದೋ ನದಿಯ ಉದ್ದ,
ನಾನು ಕಾಫಿ ಕುದಿಸಿ ಕುಡಿದು ಲೋಟ ತೊಳೆದರೂ ಮುಗಿಯದಿದ್ದರೆ
ಜೇನ್ನೊಣವೋ, ಯುದ್ಧವೋ.

ಪೊರಕೆ ಹಿಡಿಯಿಂದ ಸೂರು ಕುಟ್ಟಿ ನೋಡಿದೆ.
ತಾಳ ಹಾಕುತ್ತಿದ್ದಾನೆ ಅಂದುಕೊಂಡು
ಇನ್ನೂ ಜೋರು ಮಾಡಿದಳು.

ಫೆಬ್ರವರಿಯ ಒಂದು ದಿನ ಒಂಬತ್ತಕ್ಕೇ ನಿಂತಿತು.
ಹಲ್ಲುಗಳು ಬಾಯಿ ಬಿಡಲಿಲ್ಲ.
ಗಾರೆ ಕಲಸಿದೆ, ಗಟ್ಟಿಯಾಯಿತು, ಎಸೆದೆ,
ಮತ್ತೆ ಕಲಸಿದೆ.
ಲಿಫ್ಟಿಗೆ ಕಾಸು ಹಾಕಬೇಕು, ಜೇಬಲ್ಲಿ ಕಾಸಿಲ್ಲ,
ಒಂದೇ ಮಹಡಿ ಎಂಬುದು ಆಮೇಲೆ ನೆನಪಾಯಿತು.
ಮೆಟ್ಟಿಲಲ್ಲಿ ಎರಡು ಸಲ ನಿಂತೆ,
ಎದೆ ನನ್ನದೇ ಹೊಡೆದುಕೊಳ್ಳುತ್ತಿತ್ತು.

ಬಾಗಿಲು ತೆರೆದೇ ಇತ್ತು.
ಒಂಟಿಕಾಲಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದಾಳೆ ಝುಝುನಾ,
ಮೂಗಿನ ಮೇಲೊಂದು ಕನ್ನಡಕ, ತಲೆಯ ಮೇಲೊಂದು,
ದಪ್ಪ ಕಾಲುಚೀಲ, ಪುಟದ ಮೇಲೆ ಬೆರಳು.
"ಸತ್ತೆ ಅಂದುಕೊಂಡೆಯಾ ಒತಿಯಾ?
ಇರು. ಸಾಲು ಮುಗಿಯದೆ ಕಾಲು ಇಳಿಸುವಂತಿಲ್ಲ.
ಇದನ್ನು ಬರೆದವನಿಗೆ
ಪೂರ್ಣವಿರಾಮ ಹಾಕಲು ಯಾರೂ ಕಲಿಸಿಲ್ಲ."
ಹೊಸ್ತಿಲಲ್ಲೇ ನಿಂತೆ,
ಅವಳ ತುಟಿ ಅಲ್ಲಾಡುವುದನ್ನು ನೋಡುತ್ತ.
ಕೊನೆಗೆ ಕಾಲು ನೆಲ ಮುಟ್ಟಿತು. ಉಸ್ಸಪ್ಪಾ.

ಬರುವಾಗ ನಾಲ್ಕನೇ ಸಂಪುಟ ಕೈಗಿಟ್ಟಳು:
"ಇದು ಹಗುರ. ಇಲಿ ತಿಂದಿದೆ."

ಮನೆಯಲ್ಲಿ ಬಿಡಿಸಿದರೆ ಅಂಚಿನ ತುಂಬ ಪೆನ್ಸಿಲ್ಲು.
ಕಂಚು: ಹದಿನೈದು. ಕಂಬಳಿಹುಳ: ಹದಿನೆಂಟು.
ಕಡಲ್ಗಳ್ಳರು: ಇಪ್ಪತ್ತು, ಎಡ ಮೊಣಕಾಲು ಹಾಳಾಗಲಿ.
ಒಂದು ಪುಟದಲ್ಲಿ ಮಾತ್ರ ಸೊನ್ನೆ.
ಪಕ್ಕದಲ್ಲಿ ತಾರೀಕು, ಎರಡು ವರ್ಷದ ಹಿಂದಿನ ನವೆಂಬರು,
ಬೇರೇನೂ ಇಲ್ಲ.
ಮುಂದಿನ ಹಾಳೆಯಲ್ಲಿ: ನಾಲ್ಕು.
ಕೇಳಬೇಕೆಂದು ಎರಡು ಸಲ ಮೆಟ್ಟಿಲ ತನಕ ಹೋದೆ,
ಏಲಕ್ಕಿ ರೊಟ್ಟಿಯ ಬೆಲೆ ಕೇಳಿ ಬಂದೆ.

ಈಗ ನಾನೂ.
ಗಾರೆ ಗಟ್ಟಿಯಾಗುವ ಹೊತ್ತಿನಲ್ಲಿ,
ಅಡುಗೆಮನೆಯ ಬಾಗಿಲು ಹಾಕಿ, ಯಾರೂ ನೋಡದ ಹಾಗೆ.
ಐದು. ಆರು.
ಹಲ್ಲೇ ಇಲ್ಲದ ತಿಮಿಂಗಿಲಗಳೂ ಇವೆಯಂತೆ,
ಬಾಯೊಳಗೆ ಜರಡಿ;
ಅಲ್ಲಿ ನನಗೆ ವ್ಯಾಪಾರವಿಲ್ಲ ಎಂದು ನಗುತ್ತ ಓದಿದೆ,
ಓದುತ್ತ ಕೂತೆ,
ಮೂರನೇ ಮಹಡಿಯ ಹೆಂಗಸಿನ ಮೇಲ್ದವಡೆ
ಇನ್ನೆರಡು ದಿನ ತಡವಾಗುತ್ತದೆ.

ಏಳು.
ಕಾಲ ಕೆಳಗೆ ಟಕ್ ಟಕ್,
ಏಳನೇ ಮಹಡಿಯ ಪೊರಕೆ.
ಎಂಟು, ಎನ್ನುತ್ತೇನೆ.