ಕತ್ತರಿ ಗುರುತು

ಕಾರ್ನಾರ್ವನ್ನಿನ ದಾಖಲೆ ಕೋಣೆಯಲ್ಲಿ ಪೆನ್ನು ನಿಷಿದ್ಧ.
ಮೊಂಡು ಪೆನ್ಸಿಲೊಂದನ್ನು ಕೈಗಿತ್ತು
‘ಮೆಲ್ಲಗೆ ಬಿಡಿಸಿ, ಮಡಿಕೆಯಲ್ಲೇ ಹರಿಯುವುದು’ ಎಂದು
ಹುಡುಗಿ ಹೊರಟುಹೋಗುತ್ತಾಳೆ.

ಮೇಜಿನಗಲದ ನೀಲಿ ಕಾಗದ. ನಾವಿಕರ ಕರಾರು.
ಹಡಗು ಕೇನ್ವೆನ್. ಹೇರಿದ್ದು ಸೂರಿಗೆ ಹೊದಿಸುವ ಸ್ಲೇಟು ಕಲ್ಲು.
ಪಯಣ ಪೋರ್ಥ್‌ಮಾಡಾಗಿನಿಂದ ಹ್ಯಾಂಬರ್ಗಿಗೆ, ಅಲ್ಲಿಂದಾಚೆ
ಕಪ್ತಾನ ಕರೆದೊಯ್ದಲ್ಲಿಗೆ, ಮೂರು ವರ್ಷ ಮೀರದಂತೆ.
ಹೆಸರು, ವಯಸ್ಸು, ಹುಟ್ಟೂರು, ಹಿಂದಿನ ಹಡಗು,
ಸಂಬಳ, ಅದರಲ್ಲಿ ಮುಂಗಡ ಎಷ್ಟು.
ಕೊನೆಯ ಕಾಲಂ: ಇಳಿದದ್ದೆಲ್ಲಿ, ಯಾಕೆ.
ಅಡುಗೆಯವ ಕಾಯಾವೊದಲ್ಲಿ ಓಡಿಹೋದ.
ಬಡಗಿ ಆಸ್ಪತ್ರೆಯಲ್ಲಿ ಉಳಿದ.
ಪೋರನೊಬ್ಬ ಹದಿನೆಂಟೆಂದು ಬರೆಸಿದ್ದಾನೆ;
ಗುಮಾಸ್ತ ನಂಬಿಲ್ಲ, ಪಕ್ಕಕ್ಕೊಂದು ಸಣ್ಣ ಪ್ರಶ್ನೆಚಿಹ್ನೆ.

ಏಳನೆಯ ಸಾಲು, ಹ್ಯಾಂಬರ್ಗಿನಲ್ಲಿ ಹತ್ತಿದವ:
ಎಲಿಸ್ ಪ್ರಿಚರ್ಡ್, ಇಪ್ಪತ್ತಮೂರು, ನೆವಿನ್.
ನನ್ನ ಮುತ್ತಜ್ಜಿಯ ಅಣ್ಣ.
ಹಾರ್ನ್ ಭೂಶಿರದ ಬಳಿ ಹಾಯಿ ಸುತ್ತುವಾಗ
ಮೇಲಿನ ಅಡ್ಡಮರದಿಂದ ಬಿದ್ದು, ಮುಳುಗಿ.
ಗೊತ್ತಿದ್ದದ್ದೇ. ಚಾಪೆಲಿನ ಅಂಗಳದ ಕಲ್ಲೂ ಇದನ್ನೇ ಹೇಳುತ್ತದೆ.
ಪ್ರತಿ ವರ್ಷ ಹೂವಿನ ಭಾನುವಾರದ ಮುನ್ನಾದಿನ
ಹಲ್ಲುಜ್ಜುವ ಬ್ರಶ್ಶಿನಿಂದ ಅಮ್ಮ ಅದರ ಪಾಚಿ ಕೆರೆಯುತ್ತಿದ್ದಳು.

ಒಳಗೆ ಮಡಚಿಟ್ಟ ಇನ್ನೊಂದು ಹಾಳೆ:
ಸತ್ತವನ ಸಾಮಾನು, ಕೂವೆಮರದ ಬುಡದಲ್ಲಿ ಹರಾಜು.
ಎಣ್ಣೆಬಟ್ಟೆ ಒಂದು ಜೊತೆ, ನಾಲ್ಕು ಶಿಲಿಂಗು.
ಬೂಟು, ಎಡಗಾಲಿನದು ಸೋರುತ್ತದೆ, ಎರಡು.
ಹುಲ್ಲಿನ ಹಾಸಿಗೆ, ಕೊಳ್ಳುವವರಿಲ್ಲ.
ಮೌತ್ ಆರ್ಗನ್ನು ಆ ಹದಿನೆಂಟಾಗದ ಪೋರ ಕೊಂಡ,
ಸಂಬಳದಲ್ಲಿ ಮುರಿದುಕೊಳ್ಳಿ ಎಂದು.
ಪುಸ್ತಕ ಇಲ್ಲ. ಮಸಿಕುಡಿಕೆ ಇಲ್ಲ.

ಅಲ್ಲಿ ನನ್ನ ಕೈ ನಿಂತಿತು.
ನಮ್ಮ ಮನೆಯ ಬೈಬಲ್ಲಿನ ಮೊದಲ ಪುಟದಲ್ಲಿ
ತಂಗಿಯರ ಹುಟ್ಟುದಿನಗಳನ್ನೆಲ್ಲ
ಮುತ್ತು ಪೋಣಿಸಿದಂತೆ ಬರೆದಿಟ್ಟವನು ಎಲಿಸ್.
ಮತ್ತೆ ಏಳನೆಯ ಸಾಲಿಗೆ ಹೋದೆ. ರುಜುವಿನ ಜಾಗದಲ್ಲಿ
ಗುಮಾಸ್ತನ ಕೈಬರಹ, ಅದರ ನಡುವೆ
ಅಕ್ಷರ ಬಾರದವನ ಕತ್ತರಿ ಗುರುತು.
‘ಅವನ ಗುರುತು’ ಎಂದಿದೆ.

ಯಾರ?

ಮೂರು ಬುಧವಾರ ಬೇಕಾಯಿತು. ಸೊಂಟ ಹಿಡಿಯಿತು, ಒಮ್ಮೆ ಕೊನೆಯ ಬಸ್ಸು ತಪ್ಪಿತು.
ಬಂದರಿನ ಖಾನಾವಳಿಗಳಲ್ಲಿ ಹಳೆಯ ಹಡಗಿನ ಚೀಟಿ
ಬಿಕರಿಗಿರುತ್ತಿದ್ದವಂತೆ, ಹೆಸರಿನ ಸಮೇತ.
ನಾಲ್ಕನೆಯ ಪೆಟ್ಟಿಗೆಯಲ್ಲಿ, ಎರಡು ವರ್ಷ ಆಮೇಲೆ,
ವಾಲ್ಪರೈಸೊದಲ್ಲಿ ಬೇರೊಂದು ಹಡಗು ಹತ್ತಿದ್ದಾನೆ
ಎಲಿಸ್ ಪ್ರಿಚರ್ಡ್, ನೆವಿನ್. ಸ್ವಂತ ರುಜು.
ಪಿ ಅಕ್ಷರದ ಬಾಲ, ಬೈಬಲ್ಲಿನಲ್ಲಿದ್ದ ಹಾಗೇ,
ಕೆಳಸಾಲಿನವನ ಹೆಸರಿಗೆ ತಗುಲಿಕೊಂಡಿದೆ.
ಇಳಿದದ್ದು ಇಕೀಕೆ. ಕಾರಣ: ಪರಸ್ಪರ ಒಪ್ಪಿಗೆ.
ಮುಂದೆ ಎಲ್ಲೂ ಇಲ್ಲ.

ಬದುಕಿದ್ದೆಯಲ್ಲೋ, ಮುತ್ತಿನ ಅಕ್ಷರದವನೇ,
ತಾಯಿಗೆ ಒಂದು ಸಾಲು?

ತಾಯಿ ಲೌರಿಗೆ ಬಂದದ್ದು
ಸತ್ತವನ ಬಾಕಿ ಸಂಬಳ, ಹರಾಜಿನ ಹಣ,
ಕೂಡಿ ಹನ್ನೊಂದು ಪೌಂಡು.
ಆ ದುಡ್ಡಲ್ಲೇ ಕಲ್ಲು ಕೆತ್ತಿಸಿದಳು ಎಂಬುದು
ಮನೆಯಲ್ಲಿ ಎಲ್ಲರಿಗೂ ಗೊತ್ತು.
ಅಂದರೆ ಸೋರುವ ಬೂಟಿನವನೇ,
ನಿನ್ನ ಕಲ್ಲಿಗೆ ನೀನೇ ಹಣ ಕೊಟ್ಟೆ.
ಹೆಸರು ಮಾತ್ರ ಹಿಂದೆಯೇ ಕೊಂಡಿದ್ದೆ.

ತಮ್ಮನಿಗೆ ಹೇಳಿಲ್ಲ. ಮೊಮ್ಮಗನಿಗೆ ಎಲಿಸ್ ಎಂದೇ
ಹೆಸರಿಟ್ಟು ಕೂತಿದ್ದಾನೆ.

ಹೂವಿನ ಭಾನುವಾರಕ್ಕೆ ಇನ್ನು ಒಂಬತ್ತು ದಿನ.
ಹೊಸ ಬ್ರಶ್ಶು ತರಬೇಕು.
ಪಾಚಿ ಜಾಸ್ತಿ ಕೂರುವುದು
ಹೆಸರು ಕೊರೆದ ಕುಳಿಗಳಲ್ಲೇ.