ಅಳತೆ ಪುಸ್ತಕದಲ್ಲಿ ದೋಣಿ

ಲಾರಿಯವನು ಇಳಿಸಿಹೋದ ಪೆಟ್ಟಿಗೆಯೊಳಗೆ
ದೋಣಿ ಇರಲಿಲ್ಲ.
ಅರವತ್ತೆರಡು ಹಲಗೆ ತುಂಡು, ತಾಮ್ರದ ತಂತಿಯ ಸುರುಳಿ,
ಎರಡು ಡಬ್ಬಿ ಅಂಟು, ತೆಳ್ಳನೆಯದೊಂದು ಪುಸ್ತಕ.
ಮೊಳೆ ಒಂದೂ ಇಲ್ಲ.
ವೇಲಾಯುಧ ಆಚಾರಿ ಬಗ್ಗಿ ನೋಡಿ, ಬೀಡಿ ಹಚ್ಚಿ,
"ಇದು ನನ್ನ ಕೆಲಸವಲ್ಲ ಟೀಚರೇ,
ಯಾರಾದರೂ ದರ್ಜಿಯನ್ನು ಕರೀರಿ" ಅಂದನಂತೆ, ಗೇಲಿಗೆ.

ಗೇಲಿಯನ್ನೇ ವಿಳಾಸ ಮಾಡಿಕೊಂಡು
ಬೋಜವ್ವ ಟೀಚರು ಸಿದ್ದಾಪುರದ ನನ್ನ ಅಂಗಡಿಗೆ ಬಂದರು.
ಮೂವತ್ತು ವರ್ಷ ಹುಡುಗಿಯರ ಹಾಕಿಗೆ ಸೀಟಿ ಊದಿದ ಬಾಯಿ.
ಒಂಬತ್ತನೇ ಪುಟದ ಮೇಲೆ ಬೆರಳಿಟ್ಟು ಹೇಳಿತು:
"ಓಮನಾ, ಇಲ್ಲಿ ಹೊಲಿಯಿರಿ ಅಂತ ಬರೆದಿದೆ."

ನಾನು ರವಿಕೆ ಹೊಲಿಯುವವಳು,
ಮದುವೆಯ ತಿಂಗಳಲ್ಲಿ ಒಂದೆರಡು ಕುಪ್ಯ.
ಹಲಗೆಗೆ ಸೂಜಿ ಹಾಕಿದವಳಲ್ಲ.
ಆದರೆ ಬಟ್ಟೆಯೂ ಮೊದಲು ಚಪ್ಪಟೆಯೇ ಅಲ್ಲವೇ?
ಎದೆಯ ಕೆಳಗೊಂದು ಡಾರ್ಟು ಹಿಡಿದ ಮೇಲೆ ತಾನೇ
ಅದರೊಳಗೊಂದು ಮೈಗೆ ಜಾಗವಿದೆಯೆಂದು ತಿಳಿಯುವುದು.

ಗುಹ್ಯದ ಅವರ ಶೆಡ್ಡಿನಿಂದ ಜೀಪನ್ನು ಹೊರಗೆ ತಳ್ಳಿದೆವು.
ಜನವರಿ. ಕಣದಲ್ಲಿ ಕಾಫಿ ಒಣಗುತ್ತಿತ್ತು.
ಗೇಣಿಗೆ ಎರಡು ತೂತು, ಒಂದು ತಂತಿ, ಮೂರು ತಿರುಚು.
ತಳದ ಹಲಗೆಗಳು ಪುಸ್ತಕದಂತೆ ತೆರೆದುಕೊಂಡವು;
ಪಕ್ಕದವು ಬಾಗಲೊಲ್ಲದೆ ಕಿರುಗುಟ್ಟಿದವು.
"ಅಷ್ಟು ಬಿಗಿ ಬೇಡ ಟೀಚರೇ, ಕಂಕುಳಲ್ಲಿ ಹಿಡಿಯುತ್ತೆ"
ಅಂದುಬಿಟ್ಟೆ. ನಕ್ಕೆವು.
ಆಮೇಲೆ ನಗು ನಿಂತಿತು:
ಎಡದ ಆರನೆಯದು ಬಲಕ್ಕೆ ಹೋಗಿತ್ತು.
ಇಡೀ ಸಂಜೆ ಬಿಚ್ಚಿದೆವು.
ಬಿಚ್ಚುವುದು ನನಗೆ ಹೊಸದಲ್ಲ.
ಅವರಿಗೆ ಹೊಸದು. ಒಂದೂ ಮಾತಾಡಲಿಲ್ಲ.

ಅಂಟು ಬೇರೆ ಹಟ ಹಿಡಿಯಿತು.
ಮರದ ಹುಡಿ ಕಲಸಿ, ಕಡಂಬಿಟ್ಟಿನ ಹದಕ್ಕೆ ತಂದು
ಚಮಚದ ಬೆನ್ನಿನಲ್ಲಿ ಸಂದಿಗೆಲ್ಲ ಸವರಿದರೆ
ಆ ಚಳಿಗೆ ಮೂರು ದಿನ ಒಣಗಲಿಲ್ಲ.
ಕೋಳಿಮರಿ ಸಾಕುವವರ ಹಾಗೆ ಬಲ್ಬು ಇಳಿಬಿಟ್ಟು,
ಕಂಬಳಿ ಹೊದಿಸಿ ಮಲಗಿಸಿದರು ಟೀಚರು.
ಬೆಳಿಗ್ಗೆ ಕಂಬಳಿಯಂಚು ದೋಣಿಗೆ ಕಚ್ಚಿಕೊಂಡಿತ್ತು.
ಈಗಲೂ ಬಲಗಡೆ, ಒಳಗೆ, ಅಂಗೈಯಗಲ ಉಣ್ಣೆ.

ದೋಣಿ ಯಾಕೆಂದು ಎರಡು ತಿಂಗಳು ನಾನು ಕೇಳಲಿಲ್ಲ.
ರವಿಕೆಯ ಬೆನ್ನು ಎಷ್ಟು ಆಳ ಎಂದು ಕೇಳುತ್ತೇನೆ,
ಯಾರಿಗಾಗಿ ಎಂದಲ್ಲ.
ಉಪ್ಪುಕಾಗದ ಉಜ್ಜುತ್ತ ಅವರೇ ಹೇಳಿದರು:
ಹೊಳೆ ಅಂಗಳಕ್ಕೆ ಬಂದ ವರ್ಷ
ಯಾರೋ ಹುಡುಗ ಅವರನ್ನು ಅಕ್ಕಿಮೂಟೆಯಂತೆ ಎತ್ತಿ
ರಬ್ಬರ್ ದೋಣಿಗೆ ಹಾಕಿದನಂತೆ.
"ಕೈಕಾಲು ಆಡಿಸಬೇಡಿ ಅಜ್ಜಿ, ಅಂದ. ನನಗೆ!"
ಅಷ್ಟೇ. ಮತ್ತೆ ಉಜ್ಜಿದರು.

ಒಂದು ಭಾನುವಾರ ಆಚಾರಿ ಬಂದ,
ಹಾಗೇ ದಾರಿಯಲ್ಲಿ ಹೋಗುತ್ತಿದ್ದವನಂತೆ.
ಹೊಲಿಗೆಯುದ್ದಕ್ಕೂ ಉಗುರು ಎಳೆದ.
ಏನೂ ಹೇಳದೆ ಹುಟ್ಟುಗಳ ಹಿಡಿ ಕೀಸಿ
ಟೀಚರ ಮುಷ್ಟಿಗೆ ಕೂರಿಸಿಕೊಟ್ಟು ಹೋದ.

ನನ್ನ ಅಳತೆ ಪುಸ್ತಕದಲ್ಲಿ
ಮುದ್ದವ್ವನಿಗೂ ಸಫಿಯಾಗೂ ನಡುವೆ ಬರೆದಿದೆ:
ದೋಣಿ. ಉದ್ದ ಹನ್ನೊಂದು ಅಡಿ. ಸೊಂಟ ನಾಲ್ಕು.
ಕೊಡುವ ದಿನ ಎಂಬಲ್ಲಿ ಒಂದು ಗೆರೆ.

ಹುಟ್ಟು ಹಾಕುವವರು
ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕಂತೆ.
ಕೊಡಗಿನ ಸೀರೆಯ ನೆರಿಗೆ ಬೆನ್ನಿಗೆ ಸರಿದದ್ದು
ಕಾವೇರಿ ತಳ್ಳಿದ್ದರಿಂದ ಎಂದು ನನ್ನ ಗಿರಾಕಿಗಳು ಹೇಳುತ್ತಾರೆ.
ಟೀಚರು ಅವತ್ತು ಟ್ರ್ಯಾಕ್ ಪ್ಯಾಂಟು ಹಾಕಿದ್ದರು.

ಮಾರ್ಚಿಯ ಹೊಳೆ, ತುಂಬ ಕಲ್ಲು.
ಟೇಪು ಹಿಡಿದು ವರ್ಷಗಟ್ಟಲೆ ಅವರ ಬೆನ್ನನ್ನೇ ಬಲ್ಲವಳು
ಈಗ ಮುಖಕ್ಕೆ ಎದುರಾಗಿ ಕೂತೆ.
ಅವರಿಗೆ ಕಾಣುವುದು ಬಿಟ್ಟುಬಂದ ದಡ.
ಕಲ್ಲು ಕಾಣುವುದು ನನಗೆ.
"ಎಡಕ್ಕೆ. ನಿಮ್ಮ ಎಡ ಅಲ್ಲ, ನನ್ನ ಎಡ. ಇನ್ನೂ. ಸಾಕು."
ಸೀಟಿಯಿಲ್ಲದವಳ ಮಾತು, ಆದರೂ ಕೇಳಿದರು.

ಉಣ್ಣೆಯ ಪಕ್ಕದ ಹೊಲಿಗೆಯಲ್ಲಿ ಒಂದು ಹನಿ ಒಸರಿತು.
ಬೆರಳಲ್ಲಿ ಅಂಗುಸ್ತಾನ ಹಾಗೇ ಇತ್ತು, ತೆಗೆಯಲು ಮರೆತದ್ದು.
ಅದನ್ನೇ ಒತ್ತಿ ಹಿಡಿದೆ.
"ನೀರಾ?" ಅಂದರು.
"ನೀವು ಹುಟ್ಟು ಹಾಕಿ" ಅಂದೆ.